ಸ್ಟೋರ್ ರೂಮಿನ ಸೂರ್ಯ

"ಟೀಚರೇ, ಇದು ಸೂರ್ಯ ಅಲ್ಲಾಂತ ಗಿಡಕ್ಕೆ ಗೊತ್ತಾಗುದಿಲ್ವಾ?"

ಅವರು ನನ್ನೊಡನೆ ಆಡಿದ ಮೊದಲ ಮಾತು ಇದೇ. ನಮಸ್ಕಾರ ಇಲ್ಲ, ಯಾವ ಊರು ಎಂಬ ವಿಚಾರಣೆ ಇಲ್ಲ. ಸ್ಟೋರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಬಂದರು, ಕಿಟಕಿ ಇಲ್ಲದ ನಾಲ್ಕು ಗೋಡೆ ನೋಡಿದರು, ಮೇಜಿನ ಮೇಲೆ ನಾನು ಹರಡಿಟ್ಟ ನಕ್ಷೆ ನೋಡಿದರು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ತಲೆ ಕೆರೆದುಕೊಂಡು ಹೀಗೆ ಕೇಳಿದರು.

ನಾನಾಗ ಪುತ್ತೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕಬಕದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಎಂ.ಎಸ್ಸಿ. ಮುಗಿಸಿ ಎರಡೇ ವರ್ಷ, ತಲೆಯ ತುಂಬ ಪುಸ್ತಕ, ಜಂಬಕ್ಕೇನೂ ಕಡಿಮೆ ಇರಲಿಲ್ಲ. ಮಳೆಗಾಲದಲ್ಲೂ ಪ್ರಾಕ್ಟಿಕಲ್ಲಿಗೆ ಒಳ್ಳೆಯ ಗಿಡ ಬೇಕು, ಒಳಗೇ ದೀಪ ಹಾಕಿ ಬೆಳೆಸುತ್ತೇನೆ ಎಂದು ಪ್ರಿನ್ಸಿಪಾಲರ ಬೆನ್ನು ಬಿದ್ದು ಈ ಕೋಣೆಯನ್ನೂ ಬೀದಿದೀಪಕ್ಕೆ ಹಾಕುವಂಥ ನಾಲ್ಕು ಮರ್ಕ್ಯುರಿ ಬಲ್ಬುಗಳನ್ನೂ ಗಿಟ್ಟಿಸಿಕೊಂಡಿದ್ದೆ. ವಯರಿಂಗ್ ಮಾಡಲು ಬಂದವರು ಇವರು.

"ಗೊತ್ತಾಗುದಿಲ್ಲ. ಗಿಡಕ್ಕೆ ಬೆಳಕು ಬಂದರೆ ಸಾಕು," ಎಂದೆ.

"ಅದು ನಿಮ್ಮತ್ರ ಹೇಳಿದ್ದಾ?"

ಕುಚೋದ್ಯ ಅಂದುಕೊಂಡು ಮುಖ ಬಿಗಿದುಕೊಂಡೆ. ಆದರೆ ಮನುಷ್ಯ ಉತ್ತರಕ್ಕಾಗಿ ಕಾಯುತ್ತಾ ನಿಂತಿದ್ದರು. ಆಮೇಲೆ ತಿಳಿಯಿತು, ಅವರು ಕೇಳುವುದೆಲ್ಲ ನಿಜವಾಗಿ ಬೇಕಾಗಿಯೇ ಕೇಳುವುದು ಎಂದು.

ಹೆಸರು ಬರೆಯುವುದಿಲ್ಲ. ಕಾಲೇಜಿನಲ್ಲಿ ಯಾರಿಗೂ ಅವರ ಹೆಸರು ಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ಅವರು 'ಗೌಡ್ರು'. ಕೊಲ್ಲಮೊಗ್ರಿನವರು. ಮನೆಯ ಮಾತು ಅರೆಭಾಷೆ, ಅಂಗಡಿಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ಬಲ್ಬು ಸುಟ್ಟುಹೋದರೆ ಮಾತ್ರ ಬೈಗುಳಕ್ಕೆ ಅರೆಭಾಷೆಯೇ. ನಲವತ್ತರ ಆಸುಪಾಸು, ತೆಳ್ಳಗೆ, ಅಂಗಿಯ ಕಿಸೆಯಲ್ಲಿ ಯಾವಾಗಲೂ ಟೆಸ್ಟರು. ವಾರದಲ್ಲಿ ನಾಲ್ಕು ದಿನ ಪುತ್ತೂರಿನಲ್ಲಿ ಕೆಲಸ, ಉಳಿದದ್ದು ಊರಲ್ಲಿ ಅವ್ವನ ಜೊತೆ ಗದ್ದೆ.

ದೀಪಗಳನ್ನು ಹೊತ್ತು ಹೊತ್ತಿಗೆ ತಾನಾಗಿ ಹೊತ್ತಿಸಿ ಆರಿಸುವ ಯಂತ್ರಕ್ಕೆ ನಾನು 'ಕಂಟ್ರೋಲರ್' ಎನ್ನುತ್ತಿದ್ದೆ. ಅವರಿಗೆ ಅದು ಬರೀ 'ಬೋರ್ಡು'. ಪುಸ್ತಕದಲ್ಲಿದ್ದ ವಿಲಾಯತಿ ಕಂಟ್ರೋಲರ್ ತರಿಸುವುದು ನಮ್ಮಿಂದಾಗುವ ಮಾತಲ್ಲ. ಅವರು ಒಂದು ಹಲಸಿನ ಹಲಗೆ ತಂದರು, ಯಾರದೋ ತೋಟದ ಪಂಪಿನ ಹಳೆ ಸ್ಟಾರ್ಟರ್ ತಂದರು, ಮಂಗಳೂರಿನ ಗುಜರಿಯಿಂದ ಕರೆಂಟಿನಲ್ಲಿ ಓಡುವ ಒಂದು ಗಡಿಯಾರ ಹುಡುಕಿ ತಂದರು. ಅದರ ಮುಖದಲ್ಲಿ ಹನ್ನೆರಡಲ್ಲ, ಇಪ್ಪತ್ತನಾಲ್ಕು ಗಂಟೆ. ಅಂಚಿನಲ್ಲಿ ಎರಡು ಹಿತ್ತಾಳೆ ಮೊಳೆ. ಒಂದು ಮೊಳೆ ಬಂದಾಗ ಸ್ಟಾರ್ಟರ್ 'ಟಪ್' ಎಂದು ಹಿಡಿಯುತ್ತದೆ, ಬೆಳಕು. ಇನ್ನೊಂದು ಬಂದಾಗ ಬಿಡುತ್ತದೆ, ಕತ್ತಲೆ. ಮೊಳೆ ಎಲ್ಲಿ ಕೂರಿಸುತ್ತೀರೋ ಅಲ್ಲಿ ಬೆಳಗು, ಅಲ್ಲಿ ಸಂಜೆ.

"ನೋಡಿ ಟೀಚರೇ, ದೇವರ ಕೆಲಸ ಎರಡು ಮೊಳೆಯಲ್ಲಿ ಮುಗೀತು!" ಎಂದು ನಕ್ಕರು. ತಕ್ಷಣ ಎರಡೂ ಕೆನ್ನೆ ಮುಟ್ಟಿಕೊಂಡು ತಪ್ಪಾಯಿತು ಎಂದೂ ಹೇಳಿದರು.

ದೀಪ ಎಷ್ಟು ಎತ್ತರದಲ್ಲಿ ತೂಗಬೇಕು ಎಂಬ ಲೆಕ್ಕ ನನ್ನ ಪುಸ್ತಕದಲ್ಲಿತ್ತು. ಅವರು ಪುಸ್ತಕ ನೋಡಲಿಲ್ಲ. ಗಿಡದ ತುದಿ ಇರುವ ಮಟ್ಟಕ್ಕೆ ಕೈಯ ಹಿಂಭಾಗ ಹಿಡಿದು, ಕಣ್ಣು ಮುಚ್ಚಿ, ನೂರರವರೆಗೆ ಎಣಿಸುತ್ತಿದ್ದರು. "ನನಗೆ ಉರಿದರೆ ಅದಕ್ಕೂ ಉರೀತದೆ. ಅದಕ್ಕೆ ಹೇಳ್ಲಿಕ್ಕೆ ಬಾಯಿಲ್ಲ, ಅಷ್ಟೆ." ಆಮೇಲೆ ನಾನು ಅಳತೆ ಹಿಡಿದು ನೋಡಿದೆ. ಪುಸ್ತಕಕ್ಕಿಂತ ನಾಲ್ಕು ಬೆರಳು ಮೇಲಿತ್ತು, ಪುಸ್ತಕದ ಎತ್ತರದಲ್ಲಿ ಇಟ್ಟ ಒಂದು ಚಟ್ಟಿಯ ಬೀನ್ಸ್ ಮಾತ್ರ ಸುಟ್ಟುಹೋಯಿತು. ನನ್ನ ಮಾನ ಉಳಿಯಲಿ ಎಂದು ಅದನ್ನು ಅವರೇ ಹಿತ್ತಿಲಿಗೆ ಎಸೆದು ಬಂದರು.

ಮರ್ಕ್ಯುರಿ ದೀಪ ಒಮ್ಮೆಲೇ ಹೊತ್ತಿಕೊಳ್ಳುವುದಿಲ್ಲ. ಮೊದಲು ನೇರಳೆ ಬಣ್ಣದಲ್ಲಿ ಮಿಣುಕಿ, ಐದಾರು ನಿಮಿಷಕ್ಕೆ ಬೆಳ್ಳಗಾಗುತ್ತದೆ. "ನಮ್ಮ ಹಾಗೆಯೇ, ಎದ್ದ ಮೇಲೆ ಸ್ವಲ್ಪ ಹೊರಳಾಡ್ಲಿಕ್ಕೆ ಉಂಟು," ಎನ್ನುತ್ತಿದ್ದರು. ಕರೆಂಟು ಹೋಗಿ ಬಂದರಂತೂ ಅದು ತಣಿಯದೆ ಮತ್ತೆ ಹೊತ್ತುವುದೇ ಇಲ್ಲ. ಬೇಸಿಗೆಯಲ್ಲಿ ಇನ್ನೊಂದು ಕಾಟ, ಸುತ್ತಲಿನ ತೋಟದವರೆಲ್ಲ ಪಂಪು ಹಾಕಿದಾಗ ವೋಲ್ಟೇಜು ಬಿದ್ದು ದೀಪ ಹಿಡಿಯುತ್ತಲೇ ಇರಲಿಲ್ಲ. "ಅಂಥ ಹೊತ್ತಿಗೆ ಅದರ ತಂಟೆಗೆ ಹೋಗ್ಬೇಡಿ ಟೀಚರೇ. ನಿಮ್ಮ ಕೆಲಸ ಮಾಡ್ಕೊಂಡು ಹೋಗಿ. ಅದರ ಮುನಿಸು ಇಳಿದ ಮೇಲೆ ಹೊತ್ತುತ್ತದೆ," ಎಂದು ನನಗೆ ಕಟ್ಟಪ್ಪಣೆ ಮಾಡಿ, ಕೋಣೆಯಲ್ಲಿ ನನ್ನ ಕೆಲಸಕ್ಕೆಂದು ಒಂದು ನೂರು ಕ್ಯಾಂಡ್ಲಿನ ಸಾದಾ ಬಲ್ಬು ಹಾಕಿಕೊಟ್ಟರು. ಈ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದರ ಫಲ ಮುಂದೆ ಹೇಳುತ್ತೇನೆ.

ಬೋರ್ಡು ಕೂತ ಮೇಲೂ ಅವರು ಬರುವುದು ನಿಲ್ಲಲಿಲ್ಲ. ಸ್ಕ್ರೂ ಬಿಗಿ ಮಾಡುವ ನೆಪ. ಒಂದು ದಿನ ಡಾಲ್ಡಾ ಡಬ್ಬದಲ್ಲಿ ಮಣ್ಣು ಸಮೇತ ಒಂದು ನಾಚಿಕೆಮುಳ್ಳಿನ ಗಿಡ ತಂದು ಮೂಲೆಯಲ್ಲಿಟ್ಟರು.

"ಇದೆಂತಕ್ಕೆ ಗೌಡ್ರೇ?"

"ಇದು ರಾತ್ರಿ ಎಲೆ ಮಡಚಿ ಮಲಗುದು. ನಮ್ಮ ಮೊಳೆ ಹೇಳಿದ ಹಾಗೆ ಮಲಗ್ತದಾ, ಅಲ್ಲ ಹೊರಗಿನ ಸೂರ್ಯ ಹೇಳಿದ ಹಾಗಾ? ನೋಡುವ."

ಮೂರು ದಿನ ಸಂಜೆ ಮುಕ್ಕಾಲಿ ಹಾಕಿ ಕೂತು ನೋಡಿದರು. ಆ ಗಿಡ ಮೊಳೆಯ ಮಾತನ್ನೇ ಕೇಳುತ್ತಿತ್ತು. ಅವರ ಖುಷಿ ನೋಡಬೇಕಿತ್ತು ಮಾರಾಯ್ರೆ! ಸ್ಟಾಫ್ ರೂಮಿಗೆ ಬಂದು ಇತಿಹಾಸದ ಮೇಷ್ಟ್ರನ್ನೂ ಕೈಹಿಡಿದು ಎಳೆದುಕೊಂಡು ಹೋಗಿ ಮಲಗಿದ ಗಿಡ ತೋರಿಸಿದರು. ನನಗೆ ಅದು ಮಕ್ಕಳಾಟದ ಹಾಗೆ ಕಂಡಿತು, ನಿಜ ಹೇಳುತ್ತೇನೆ.

ಹೀಗೆ ಒಂದು ವರ್ಷ ಕಳೆಯಿತು. ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಅವರು ಬಟ್ಟೆಯಲ್ಲಿ ಕಟ್ಟಿದ ಒಂದು ತೆಂಗಿನ ಗೆರಟೆ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಭತ್ತ. ಒಂದೊಂದು ಕಾಳಿಗೂ ಬೆರಳುದ್ದದ ಕಪ್ಪು ಮೀಸೆ.

"ನಮ್ಮ ಅವ್ವನ ಮೀಸೆ ಭತ್ತ. ಇನ್ನು ಇಷ್ಟೇ ಉಳಿದದ್ದು."

ಬೇರೆ ಗದ್ದೆಗಳಿಗೆಲ್ಲ ಸೊಸೈಟಿಯ ಹೊಸ ಬೀಜ ಬಂದಾಗಿತ್ತು. ಅವ್ವ ಮಾತ್ರ ಮನೆಯೆದುರಿನ ಸಣ್ಣ ಗದ್ದೆಯಲ್ಲಿ ಈ ಮೀಸೆ ಭತ್ತ ಬಿಡದೆ ಹಾಕುತ್ತಿದ್ದರಂತೆ. ಹೊಸ ಅಕ್ಕಿಯ ಊಟಕ್ಕೆ ಇದೇ ಆಗಬೇಕು, ಇದರ ಗಂಜಿಗೆ ಉಪ್ಪಿದ್ದರೆ ಬೇರೇನೂ ಬೇಡ. ಮೂರು ವರ್ಷದ ಹಿಂದೆ ಗದ್ದೆಯ ಅರ್ಧ ತೆನೆಯನ್ನೇ ಬಿಡಲಿಲ್ಲ. ಆಚೆ ಮೂಲೆಯಲ್ಲಿ ಬಂದ ತೆನೆಯಿಂದ ಬೀಜ ತೆಗೆದಿಟ್ಟರು. ಮರುವರ್ಷ ಒಂದು ತೆನೆಯೂ ಇಲ್ಲ, ಬರೀ ಹುಲ್ಲು. ಬೀಜ ಹಳತಾಗಿ ಸತ್ವ ಹೋಯಿತು ಎಂದು ಅಲ್ಲಿಗೂ ಸೊಸೈಟಿ ಬೀಜವೇ ಬಂತು. ಒಲೆಯ ಮೇಲಿನ ಹೊಗೆಯಲ್ಲಿ ಅವ್ವ ಕಾಪಾಡಿದ್ದು ಈ ಒಂದು ಗೆರಟೆ.

"ಅವ್ವ ಬಾಯಿಬಿಟ್ಟು ಹೇಳುದಿಲ್ಲ ಟೀಚರೇ. ಆದ್ರೆ ಈ ಸಲ ಹೊಸ ಅಕ್ಕಿ ಊಟಕ್ಕೆ ಕೂತವರು ಎರಡು ತುತ್ತು ಉಂಡು ಎದ್ದುಬಿಟ್ರು. ಇದೊಂದು ಉಳಿಸಿಕೊಡ್ಲಿಕ್ಕೆ ಆಗ್ತದಾ ನೋಡಿ."

ಹತ್ತು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿದೆ. ಮೊಳೆತದ್ದು ಒಂದು. ಜೂನಿನ ಬಿತ್ತನೆಗೆ ಕಾದರೆ ಅದೂ ಇರುವುದಿಲ್ಲ. ಇದ್ದಷ್ಟನ್ನೂ ಈಗಲೇ ಮೊಳೆಸಿ, ಕೋಣೆಯೊಳಗೆ ಬೆಳೆದು, ಮಳೆಗೆ ಮುಂಚೆ ಹೊಸ ಬೀಜ ತೆಗೆಯುವುದು ಎಂದು ತೀರ್ಮಾನಿಸಿದೆವು. ತಪ್ಪಿದರೆ ಮತ್ತೆ ಬಿತ್ತಲು ಒಂದು ಕಾಳೂ ಇಲ್ಲ. ಖಾಲಿ ಗೆರಟೆಯ ಒಳಗೆ ಅವರು ಇನ್ನೊಮ್ಮೆ ಬೆರಳಾಡಿಸಿ ನೋಡಿದರು.

ಹನ್ನೊಂದು ಸಸಿ ಆದವು. ಇಂಥ ಹಳೆಯ ಮಳೆಗಾಲದ ಭತ್ತಕ್ಕೆ ಹಗಲು ಚಿಕ್ಕದಾಗಿ ಇರುಳು ಉದ್ದವಾದರೆ ಮಾತ್ರ ತೆನೆ ಎಂದು ನಾನು ಓದಿದ್ದೆ. ಹಾಗಾಗಿ ಮೊಳೆಗಳನ್ನು ಬೆಳಿಗ್ಗೆ ಏಳಕ್ಕೊಂದು, ಸಂಜೆ ಐದಕ್ಕೊಂದು ಕೂರಿಸಿದೆವು. ಹತ್ತು ಗಂಟೆ ಹಗಲು, ಹದಿನಾಲ್ಕು ಗಂಟೆ ಕತ್ತಲೆ. ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ಹೋಗಿ ನೀರು ಹಾಕಿ, ಸ್ಕೇಲು ಹಿಡಿದು ಎತ್ತರ ಅಳೆದು, ಅರ್ಧ ಗಂಟೆ ಬರೆದುಕೊಂಡು ಬರುತ್ತಿದ್ದೆ. ಗಿಡ ಸೊಂಟದೆತ್ತರ ಬಂತು, ತೆಂಡೆಯೊಡೆಯಿತು, ಕಡುಹಸಿರು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ತೆನೆ ಮಾತ್ರ ಇಲ್ಲ.

ಗೌಡ್ರು ಪುತ್ತೂರಿಗೆ ಬಂದ ದಿನವೆಲ್ಲ ಸಂಜೆ ಹೊತ್ತಿಗೆ ಬಂದು ಕಾಂಡವನ್ನು ಎರಡು ಬೆರಳಲ್ಲಿ ಮೆತ್ತಗೆ ಒತ್ತಿ ನೋಡುವರು. "ಟೊಳ್ಳು," ಎನ್ನುವರು, ಹೋಗುವರು. ನಾನು ಗೊಬ್ಬರ ಬದಲಿಸಿದೆ, ಮಣ್ಣು ಬದಲಿಸಿದೆ, ಮೈಸೂರಿನ ನನ್ನ ಗುರುಗಳಿಗೆ ಎರಡು ಕಾಗದ ಬರೆದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಬ್ಬ ಮುದುಕಿಯ ಒಲೆಯ ಮೇಲಿಂದ ಕೊನೆಯ ಬೀಜ ಇಳಿಸಿ ತಂದು ಹುಲ್ಲು ಮಾಡಿಟ್ಟೆನಲ್ಲಾ ಎಂದು ಅಳು ಬರುತ್ತಿತ್ತು.

ಮಾರ್ಚ್ ಮೊದಲ ವಾರ. ಬೆಳಿಗ್ಗೆ ಹತ್ತಕ್ಕೆ ನಾನು ಕೋಣೆಯೊಳಗೆ ಸಾದಾ ಬಲ್ಬು ಹಾಕಿಕೊಂಡು ಎಲೆ ಅಳೆಯುತ್ತಿದ್ದೆ. ಗೌಡ್ರು ಮರ್ಕ್ಯುರಿ ದೀಪ ಹೊತ್ತಲು ಬೇಕಾಗುವ ಒಂದು ಚೋಕು ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು.

"ದೊಡ್ಡ ದೀಪ ಯಾಕೆ ಉರೀತಿಲ್ಲ?"

"ಇನ್ನೆಂತ, ವೋಲ್ಟೇಜ್ ಇಲ್ಲ. ಒಂದೂವರೆ ತಿಂಗಳಾಯ್ತು, ನಾನು ಬರುವಾಗ ದಿನಾ ಹೀಗೇ."

"ಈ ಸಣ್ಣ ಬಲ್ಬು ದಿನಾ ಕೆಂಪಗೆ ಉರೀತಿತ್ತಾ, ಬೆಳ್ಳಗಾ?"

ತಲೆಯೆತ್ತಿ ನೋಡಿದೆ. ಬಲ್ಬು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ದಿನಾ ಹಾಗೇ ಇತ್ತು. ವೋಲ್ಟೇಜು ಬಿದ್ದಿದ್ದರೆ ಅದು ಕೆಂಡದ ಹಾಗೆ ಮಂಕಾಗಬೇಕಿತ್ತಲ್ಲ! ಗೌಡ್ರು ಉತ್ತರಕ್ಕೆ ಕಾಯಲಿಲ್ಲ. ಮೂಲೆಯ ಡಾಲ್ಡಾ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

"ಇದು ಮಲಗಿಯಾಗಿದೆ ಟೀಚರೇ."

"ನೀರು ತಾಗಿರಬೇಕು."

"ನೀರು ಎಲ್ಲಿ ಉಂಟು? ಮಣ್ಣು ಒಣಗಿದೆ. ಇದಕ್ಕೆ ಈಗ ನಡುರಾತ್ರಿ."

ಇಬ್ಬರೂ ಬೋರ್ಡಿನ ಹತ್ತಿರ ಓಡಿದೆವು. ಗಡಿಯಾರ ರಾತ್ರಿ ಹನ್ನೆರಡೂಕಾಲು ತೋರಿಸುತ್ತಿತ್ತು. ಕರೆಂಟಿನ ಗಡಿಯಾರವಲ್ಲವೇ, ಕರೆಂಟು ಹೋದಾಗಲೆಲ್ಲ ಅದೂ ನಿಲ್ಲುತ್ತಿತ್ತು. ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ಕಾಲು ಗಂಟೆ, ಹೀಗೆ ಹಿಂದೆ ಬೀಳುತ್ತಾ ಬೀಳುತ್ತಾ ಕೋಣೆಯ ಹಗಲು ಪುತ್ತೂರಿನ ಹಗಲನ್ನು ಬಿಟ್ಟು ತನ್ನ ದಾರಿ ಹಿಡಿದಿತ್ತು. ವಿದ್ಯಾವಂತೆ ನಾನು, ದಿನಾ ಅದರ ಇರುಳಿನ ನಡುವೆಯೇ ಹೋಗಿ, ಬಾಗಿಲು ತೆರೆದು, ನೂರು ಕ್ಯಾಂಡ್ಲಿನ ಬಲ್ಬು ಹಾಕಿ, ಅರ್ಧ ಗಂಟೆ ಸ್ಕೇಲು ಹಿಡಿದು ಕೂರುತ್ತಿದ್ದೆ!

"ಅಯ್ಯೋ ದೇವರೇ, ತೆನೆ ಬಾರದ್ದು ಇದಕ್ಕೇ ಗೌಡ್ರೇ!" ಎಂದು ಕೂಗಿಬಿಟ್ಟೆ. "ನಡುವೆ ಬೆಳಕು ಬಿದ್ದರೆ ಗಿಡಕ್ಕೆ ಅದು ಉದ್ದದ ಇರುಳು ಅಲ್ಲವೇ ಅಲ್ಲ. ಒಂದು ಇರುಳು ಎರಡು ತುಂಡಾದ ಹಾಗೆ. ತೆನೆಯ ಕಾಲವೇ ಬರಲಿಲ್ಲಾಂತ ಅದು ಸುಮ್ಮನೆ ಎಲೆ ಬಿಡ್ತಾ ಇರ್ತದೆ!"

ಕಾರಣ ಸಿಕ್ಕಿದ ಸಂತೋಷದಲ್ಲಿ ನಾನು ಪಾಠ ಮಾಡುತ್ತಲೇ ಇದ್ದೆ. ಅವರು ನಡುವೆ ತಡೆದು ಕೇಳಿದರು.

"ಟೀಚರೇ, ಮನೆ ಅಂಗಳದಲ್ಲಿ ಒಂದು ದೀಪ. ರಾತ್ರಿಯಿಡೀ ಉರಿಯುವಂಥದ್ದು. ಎದುರಿನ ಗದ್ದೆಗೂ ಹೀಗೇ ಆಗ್ತದಾ?"

"ಆಗದೆ! ಬೀದಿದೀಪದ ಅಡಿಯ ಗದ್ದೆಯಲ್ಲಿ ತೆನೆ ಬಾರದೇ ಇರುದು ಪುಸ್ತಕದಲ್ಲೇ ಉಂಟು," ಎಂದೆ, ಹುರುಪಿನಿಂದ.

ಅವರು ಮುಕ್ಕಾಲಿಯಲ್ಲಿ ಕೂತುಬಿಟ್ಟರು. ಅವರ ಮನೆಗೆ ಕರೆಂಟು ಬಂದದ್ದು ಮೂರು ವರ್ಷದ ಹಿಂದೆ. ಆಸುಪಾಸಿನಲ್ಲಿ ಮೊದಲ ಕರೆಂಟು. ಊರಿಗೆಲ್ಲ ಕಾಣಲಿ ಎಂದು ಅಂಗಳದ ಕಂಬಕ್ಕೆ ದೊಡ್ಡ ದೀಪ ಹಾಕಿದವರು ಇವರೇ. ಆ ವರ್ಷ ಗದ್ದೆಯ ಅರ್ಧ ತೆನೆ ಬಿಡಲಿಲ್ಲ. ಮರುವರ್ಷ ಅದನ್ನು ತೆಗೆದು ಮರ್ಕ್ಯುರಿ ಹಾಕಿದರು. ಆ ವರ್ಷ ಪೂರ್ತಿ ಹುಲ್ಲು.

"ಬೀಜ ಕೆಟ್ಟದ್ದಲ್ಲ," ಎಂದರು. "ನಾನೇ. ಅವ್ವನ ಭತ್ತ ಕೊಂದದ್ದು ನಾನೇ ಟೀಚರೇ. ಸೊಸೈಟಿ ಬೀಜಕ್ಕೆ ದೀಪ ಆದ್ರೂ ಒಂದೇ ಕತ್ತಲೆ ಆದ್ರೂ ಒಂದೇ, ಅದು ಚೆನ್ನಾಗಿ ಬಂತು, ಹಾಗಾಗಿ ನನಗೆ ಸಂಶಯವೇ ಬರ್ಲಿಲ್ಲ." ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. "ಅವ್ವನಿಗೆ ಇದು ಗೊತ್ತಾಗುದು ಬೇಡ. ನೀವು ಹೇಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಮಧ್ಯಾಹ್ನ ಅವರು ಬಸ್ಸಿಳಿದು ಬಂದದ್ದು ಒಂದು ಗೋಡೆ ಗಡಿಯಾರವನ್ನು ಮಗುವಿನ ಹಾಗೆ ತಬ್ಬಿಕೊಂಡು. ಅವರಪ್ಪನ ಕಾಲದ್ದು, ಕೀಲಿ ಕೊಟ್ಟರೆ ಎಂಟು ದಿನ ಓಡುವಂಥದ್ದು. "ಇದು ಕರೆಂಟಿನ ಹಂಗಿನಲ್ಲಿಲ್ಲ," ಎಂದರು. ಅದರ ಗಂಟೆಯ ಮುಳ್ಳು ದಿನಕ್ಕೆ ಎರಡು ಸುತ್ತು ಬರುತ್ತದಲ್ಲ, ಹಾಳಾದ ಟೈಂಪೀಸಿನಿಂದ ಒಂದು ಹಲ್ಲಿನ ಚಕ್ರ ಕಿತ್ತು ಜೋಡಿಸಿ ದಿನಕ್ಕೆ ಒಂದೇ ಸುತ್ತು ಬರುವ ಹಾಗೆ ಮಾಡಲು ಎರಡು ದಿನ ಹಿಡಿಯಿತು. ಮತ್ತೆ ಅದೇ ಹಿತ್ತಾಳೆ ಮೊಳೆಗಳು, ಏಳಕ್ಕೊಂದು, ಐದಕ್ಕೊಂದು. ಸಾದಾ ಬಲ್ಬನ್ನು ಅವರೇ ಕಳಚಿ ಕಿಸೆಗೆ ಹಾಕಿಕೊಂಡರು.

"ಮನೆಯಲ್ಲಿ ಗಂಟೆ ನೋಡ್ಲಿಕ್ಕೆ ಎಂತ ಮಾಡ್ತೀರಿ?"

"ಕೋಳಿ ಉಂಟಲ್ಲ."

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಕಾಂಡ ಒತ್ತಿ ನೋಡಿದವರು ನನ್ನನ್ನು ಕರೆಯಲಿಲ್ಲ, ಕೈಸನ್ನೆ ಮಾಡಿದರು. ಬೆರಳಿಟ್ಟು ನೋಡಿದೆ. ಒಳಗೆ ಗಟ್ಟಿಯಾಗಿ ಏನೋ ಇತ್ತು. ವಾರದೊಳಗೆ ಕಪ್ಪು ಮೀಸೆ ಹೊರಗೆ ಇಣುಕಿತು. ಕಾಲೇಜಿಗೆ ರಜೆ ಬಂದರೂ ಎಂಟು ದಿನಕ್ಕೊಮ್ಮೆ ಕೀಲಿ ಕೊಡಲು ಅವರು ಕೊಲ್ಲಮೊಗ್ರಿನಿಂದ ಬರುತ್ತಿದ್ದರು, ನೀರು ಹಾಕಲು ನಾನು ಕಬಕದಿಂದ. ಮೇ ಕೊನೆಗೆ ಹನ್ನೊಂದು ಗಿಡದ ತೆನೆ ಕೊಯ್ದು, ಅದೇ ಗೆರಟೆಯಲ್ಲಿ ತುಂಬಿ, ಅದೇ ಬಟ್ಟೆಯಲ್ಲಿ ಕಟ್ಟಿ ಕೊಂಡುಹೋದರು. ಬಸ್ಸು ಹತ್ತುವ ಮುಂಚೆ ತಿರುಗಿ, "ಟೀಚರೇ, ಗಿಡಕ್ಕೆ ಸೂರ್ಯ ಯಾವುದೂಂತ ಗೊತ್ತಾಗುದಿಲ್ಲ. ಆದ್ರೆ ಕತ್ತಲೆ ಮಾತ್ರ ಚೆನ್ನಾಗಿ ಗೊತ್ತಾಗ್ತದೆ, ಅಲ್ವಾ?" ಎಂದರು. ನಾನು ಹೌದೆಂದೆ.

ಅಂಗಳದ ದೀಪ ತೆಗೆದುಹಾಕಿದ್ದನ್ನು ಆಮೇಲೊಮ್ಮೆ ಹೇಳಿದರು. ಅವ್ವನಿಗೆ ಚೋಕು ಸುಟ್ಟುಹೋಯಿತು ಎಂದರಂತೆ. ಪುತ್ತೂರಿನಲ್ಲಿ ಯಾರ ಚೋಕು ಸುಟ್ಟರೂ ಅರ್ಧ ಗಂಟೆಯಲ್ಲಿ ಸರಿ ಮಾಡುವ ಮನುಷ್ಯನ ಸ್ವಂತ ಅಂಗಳದ ಚೋಕು ವರ್ಷಗಟ್ಟಲೆ ರಿಪೇರಿಯಾಗಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೌಡ್ರು ಎದೆನೋವು ಬಂದು ಹೋಗಿಬಿಟ್ಟರು. ಉತ್ತರಕ್ರಿಯೆಯ ದಿನ ನಾನು ಕೊಲ್ಲಮೊಗ್ರಿಗೆ ಹೋದೆ. ಆ ಮನೆ ನೋಡಿದ್ದು ಅದೇ ಮೊದಲು. ಗೋಡೆಯಲ್ಲಿ ಅದೇ ಗಡಿಯಾರ ಇತ್ತು, ಹಿತ್ತಾಳೆ ಮೊಳೆ ಕೂರಿಸಿದ್ದ ಎರಡು ಸಣ್ಣ ತೂತು ಸಮೇತ. ಮನೆಯೆದುರಿನ ಗದ್ದೆಯಲ್ಲಿ ಮೀಸೆ ಭತ್ತ ತೆನೆ ಬಿಡುತ್ತಿತ್ತು. ಹೊರಡುವಾಗ ಮುಸ್ಸಂಜೆಯಾಗಿತ್ತು. ಜನ ಅಂಗಳದಲ್ಲಿ ಚಪ್ಪಲಿ ಹುಡುಕಲು ತಡಕಾಡುತ್ತಿದ್ದರು. "ಇಷ್ಟು ದೊಡ್ಡ ವಯರ್‌ಮ್ಯಾನಿನ ಅಂಗಳಕ್ಕೆ ಒಂದು ಲೈಟಿಲ್ಲ ನೋಡಿ," ಎಂದು ಯಾರೋ ನೆಂಟರು ಗೊಣಗಿದರು. ತಾನೇ ಒಂದು ಬಲ್ಬು ಸಿಕ್ಕಿಸುತ್ತೇನೆ ಎಂದು ಎದ್ದೂ ಎದ್ದರು.

ಜಗಲಿಯ ಮೂಲೆಯಲ್ಲಿ ಕೂತಿದ್ದ ಅವ್ವ ಕೈ ಎತ್ತಿ ಬೇಡವೆಂದರು. ನೆಂಟರು ಕೂತರು. ಅವ್ವ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅರೆಭಾಷೆಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಚೋಕು ಸುಟ್ಟಿತು ಅಂದ, ಪಾಪ. ನಾನೂ ಹೌದಾ ಅಂದೆ. ದೀಪ ಹಾಕಿದ ಮೊದಲ ವರ್ಷವೇ ನನಗೆ ಗೊತ್ತಾಗಿತ್ತು ಮಗಳೇ, ಬೆಳಕು ಬಿದ್ದಲ್ಲಿ ಮಾತ್ರ ತೆನೆ ಇಲ್ಲ, ಆಚೆ ಮೂಲೆಯಲ್ಲಿ ಉಂಟು. ಕಣ್ಣಿಗೆ ಕಾಣುದಿಲ್ವಾ?"

"ಮತ್ತೆ ಹೇಳಲಿಲ್ಲ ಯಾಕವ್ವಾ?"

ಅವ್ವ ಕತ್ತಲೆಯ ಗದ್ದೆಯ ಕಡೆ ನೋಡಿದರು.

"ದೀಪ ಹೊತ್ತಿದ ದಿನ ಅವನ ಮುಖ ನೀನು ನೋಡಿದ್ದೀಯಾ? ಆರಿಸು ಅಂತ ಹೇಗೆ ಹೇಳುದು?"